ಅಂತರಗಂಗೆ ತಿನ್ನುವ ನನ್ನ ಹುಳಗಳು

ಹುಳ ಸಾಕುವುದೇ ಉದ್ಯೋಗ ಎಂದಾದ ಮೇಲೆ ಒಂದು ವಾರವೂ ಸುಮ್ಮನೆ ಕಳೆಯುವುದಿಲ್ಲ. ನಾನು ಉಡುಪಿ ಹತ್ತಿರದ ಒಂದು ಕೃಷಿ ಪ್ರಯೋಗಾಲಯದಲ್ಲಿ ಸಹಾಯಕಿ. ಕೆರೆಯ ನೀರೇ ಕಾಣದ ಹಾಗೆ ಹಬ್ಬುವ ಒಂದು ಪರದೇಶದ ಕಳೆ ಉಂಟು. ಪುಸ್ತಕದಲ್ಲಿ ಅದು ಸಾಲ್ವೀನಿಯಾ, ಊರವರ ಬಾಯಲ್ಲಿ ಅದೂ ಅಂತರಗಂಗೆಯೇ. ಅದನ್ನು ತಿನ್ನುವ, ಎಳ್ಳುಕಾಳಿನಷ್ಟು ದೊಡ್ಡ ಕಪ್ಪು ಹುಳಗಳನ್ನು ತೊಟ್ಟಿಯಲ್ಲಿ ಬೆಳೆಸಿ, ಕೆರೆಗಳಿಗೆ ಬಿಟ್ಟು ಬರುವುದು ನನ್ನ ಕೆಲಸ.

ಬಸ್ಸಿನಲ್ಲಿ

ಒಮ್ಮೆ ಶಿರ್ವದ ಬಸ್ಸಿನಲ್ಲಿ ಹುಳದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಪಕ್ಕದಲ್ಲಿ ಮಲ್ಲಿಗೆ ಬೆಳೆಯುವ ಹೆಂಗಸೊಬ್ಬರು. ಡಬ್ಬಿಯಲ್ಲಿ ಎಂತ ಎಂದು ಕೇಳಿದರು. ಹುಳ ಎಂದೆ. ಕೂಡಲೇ ಹೂವಿನ ಬುಟ್ಟಿಯನ್ನು ಆಚೆ ಬದಿಗೆ ಸರಿಸಿಕೊಂಡರು.

ಹೆದರಬೇಡಿ, ಇವು ಮಲ್ಲಿಗೆ ಮುಟ್ಟುವುದಿಲ್ಲ, ಭತ್ತವನ್ನೂ ಮುಟ್ಟುವುದಿಲ್ಲ, ಆ ಒಂದು ಕಳೆ ಸಿಗದಿದ್ದರೆ ಉಪವಾಸ ಬಿದ್ದು ಸಾಯುತ್ತವೆಯೇ ಹೊರತು ಬೇರೇನೂ ತಿನ್ನುವುದಿಲ್ಲ ಎಂದು ವಿವರಿಸಿದೆ. ಅವರ ಮುಖ ಮೆತ್ತಗಾಯಿತು. ಬಗ್ಗಿ ಡಬ್ಬಿಯ ಬಲೆಯೊಳಗೆ ಸ್ವಲ್ಪ ಹೊತ್ತು ನೋಡಿದರು.

"ನಮ್ಮ ಮನೆಯವರೂ ಹೀಗೆಯೇ," ಎಂದರು. "ಕುಚ್ಚಲಕ್ಕಿ ಗಂಜಿ ಇಲ್ಲದಿದ್ದರೆ ಮದುವೆ ಮನೆಯಿಂದಲೂ ಹಸಿದುಕೊಂಡೇ ಬರುತ್ತಾರೆ."

ಸಹಾಯ

ಅಂದು ಹೋದದ್ದು ಶಿರ್ವದ ಒಂದು ಮನೆಯ ಕೆರೆಗೆ. ಗಲ್ಫಿನಿಂದ ಮರಳಿ ಬಂದ ಗಂಡ, ಬಾತುಕೋಳಿ ಸಾಕುವ ಹೆಂಡತಿ. ಕಳೆ ಎಷ್ಟು ದಪ್ಪ ಹಬ್ಬಿತ್ತೆಂದರೆ ಆ ಏಳು ಬಾತುಕೋಳಿಗಳು ನೀರಿಗಿಳಿಯದೆ ಎರಡು ವರ್ಷವಾಗಿತ್ತು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಸಾಲಾಗಿ ನಿಂತು ನೋಡುತ್ತಿದ್ದವು. ಹೆಂಡತಿ ಅವಕ್ಕೆ ಬಕೆಟ್ಟಿನಲ್ಲಿ ಸ್ನಾನ ಮಾಡಿಸುತ್ತಿದ್ದರು.

ಕೆರೆಯ ಒಂದು ಮೂಲೆಯಲ್ಲಿ ಹುಳ ಬಿಟ್ಟೆ. ತಿಂಗಳುಗಟ್ಟಲೆ ಕಾಯಬೇಕು ಎಂದು ಹೇಳಿಯೇ ಬಂದೆ. ಮೂರನೇ ದಿನ ಗಂಡನ ಫೋನ್, ಇನ್ನೂ ಊಟ ಶುರು ಮಾಡಿದ ಹಾಗೆ ಕಾಣುವುದಿಲ್ಲ ಎಂದು. ಒಂದು ವಾರ ಬಿಟ್ಟು ಹೋಗಿ ನೋಡಿದರೆ ನಾನು ಹುಳ ಬಿಟ್ಟ ಮೂಲೆಯಲ್ಲಿ ಮಾತ್ರ ಕನ್ನಡಿಯಂಥ ನೀರು. ಕಿತ್ತ ಕಳೆ, ಹುಳಗಳ ಸಮೇತ, ದಡದಲ್ಲಿ ಒಣಗುತ್ತಿತ್ತು.

"ಅಷ್ಟು ಸಣ್ಣ ಜೀವಗಳು," ಎಂದರು ಗಂಡ ಬೆವರು ಒರೆಸಿಕೊಳ್ಳುತ್ತಾ. "ಅವಕ್ಕೆ ಭಾರ ಆಗಬಾರದಲ್ವಾ ಅಂತ ಅವುಗಳ ಪಾಲಿನದ್ದನ್ನು ನಾನೇ ತೆಗೆದುಬಿಟ್ಟೆ."

ಮತ್ತೊಂದು ಡಬ್ಬಿ ತಂದು ಬಿಟ್ಟೆ. ಈ ಸಲ ಹೆಂಡತಿ ಕಾವಲು ನಿಂತರು, ಗಂಡ ಕೆರೆಗಿಳಿಯದ ಹಾಗೆ.

ಮೂಗು

ನಮ್ಮ ಮನೆ ಕಾಪುವಿನಲ್ಲಿ. ಅಕ್ಕಿ ತರುವುದು ಒಬ್ಬ ಬ್ಯಾರಿಯವರ ಅಂಗಡಿಯಿಂದ. ಒಮ್ಮೆ ತಂದ ಅಕ್ಕಿಯಲ್ಲಿ ಹುಳ ಕಂಡಿತು, ವಾಪಸು ಒಯ್ದೆ. ಅವರು ಒಂದನ್ನು ಅಂಗೈಯಲ್ಲಿಟ್ಟು ಕನ್ನಡಕ ಏರಿಸಿದರು. ಅಕ್ಕಿಯ ಹುಳಕ್ಕೂ ನಮ್ಮ ಹುಳಕ್ಕೂ ಉದ್ದ ಮೂಗು. ಎರಡೂ ಒಂದೇ ವಂಶ. ಹಿಂದೊಮ್ಮೆ ನನ್ನ ಹುಳಗಳನ್ನು ನಾನೇ ಹೆಮ್ಮೆಯಿಂದ ಅವರಿಗೆ ತೋರಿಸಿದ್ದೆ.

"ಮೇಡಂ," ಎಂದರು ಬಹಳ ಮರ್ಯಾದೆಯಿಂದ, "ಅಕ್ಕಿ ನನ್ನದೇ. ಹುಳ ನಿಮ್ಮ ಆಫೀಸಿನದ್ದು."

ಬೀಳ್ಕೊಡುಗೆ

ಮಳೆಗಾಲ ದಾಟುವ ಹೊತ್ತಿಗೆ ಶಿರ್ವದ ಕೆರೆಯ ಕಳೆ ಕಂದು ಬಣ್ಣಕ್ಕೆ ತಿರುಗಿ ಮುಳುಗತೊಡಗಿತು. ನಡುವೆ ನೀರು ಕಂಡಿತು. ನಾನು ಹೋದ ದಿನ ಬಾತುಕೋಳಿಗಳು ಮೆಟ್ಟಿಲ ಮೇಲೆ ಬಹಳ ಹೊತ್ತು ಅನುಮಾನದಲ್ಲಿ ನಿಂತವು. ಮುದಿ ಬಾತು ಒಂದು ಕಾಲು ಮುಳುಗಿಸಿ ತೆಗೆಯಿತು, ಮತ್ತೆ ಇಳಿದೇ ಬಿಟ್ಟಿತು. ಉಳಿದವು ಹಿಂದೆಯೇ ಹೋದವು. ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನೂ ಕೆರೆಯ ಆಚೆ ದಡ ನೋಡಿದೆ.

ಉಳಿದ ಕಳೆಯನ್ನು ಹುಳಗಳ ಸಮೇತ ಬುಟ್ಟಿಗೆ ತುಂಬಿದೆ. ಕಾರ್ಕಳದ ಒಂದು ಕೆರೆಗೆ ಒಯ್ಯುವುದಿತ್ತು. ಆಕೆಗೆ ಬೇಸರವಾಯಿತು. ಇಷ್ಟು ದಿನ ನಮ್ಮಲ್ಲಿದ್ದವು, ಅಲ್ಲಿಯ ನೀರು ಒಗ್ಗದಿದ್ದರೆ ಎಂದು ಕೇಳಿ, ಒಳಗಿನಿಂದ ಒಂದು ಬಾಟಲಿ ತಂದು ತಮ್ಮ ಕೆರೆಯ ನೀರು ತುಂಬಿಸಿದರು. ಮೊದಲು ಇದನ್ನು ಬೆರೆಸಿ, ಆಮೇಲೆ ಬಿಡಿ ಎಂದರು. ಬೇಡ ಎನ್ನುವ ಮನಸ್ಸಾಗಲಿಲ್ಲ.

ಕಾರ್ಕಳದ ಮನೆಯಲ್ಲಿ ಯಜಮಾನರು ಇರಲಿಲ್ಲ. ಸರಿಯಾಗಿ ಕಿವಿ ಕೇಳದ ಅವರ ಅತ್ತೆ ಕೆರೆಯವರೆಗೆ ಬಂದರು. ಹುಳದ ವಿಷಯ ತುಳುವಿನಲ್ಲಿ ಎರಡೆರಡು ಸಲ ಹೇಳಿದೆ, ಅವರು ತಲೆಯಾಡಿಸಿದರು. ಕೊಟ್ಟ ಮಾತಿನಂತೆ ಬಾಟಲಿಯ ನೀರನ್ನು ಭಕ್ತಿಯಿಂದ ಸುರಿದೆ. ಬುಟ್ಟಿಯನ್ನೂ ಮಗುಚಿ ಬಂದೆ.

ಎರಡು ತಿಂಗಳ ಮೇಲೆ ಯಜಮಾನರು ಫೋನ್ ಮಾಡಿದರು. ಸ್ವರದಲ್ಲಿ ಸಂತೋಷ, ಜೊತೆಗೆ ಸ್ವಲ್ಪ ಚಿಂತೆ.

"ಮೇಡಂ, ನೀವು ಬಾಟಲಿಯಲ್ಲಿ ತಂದು ಹಾಕಿದ ಮದ್ದು ಭಾರಿ ಒಳ್ಳೆಯದುಂಟು. ಕಳೆ ಪೂರ್ತಿ ಕಂದಿ ಹೋಗಿದೆ. ಆದರೆ ಒಂದು ಉಪದ್ರ ಶುರುವಾಗಿದೆ. ಅದೆಂತದೋ ಸಣ್ಣ ಕಪ್ಪು ಹುಳ ಬಂದು, ಇದ್ದ ಕಳೆಯನ್ನೆಲ್ಲ ತಿಂದು ಹಾಳು ಮಾಡುತ್ತಾ ಉಂಟು. ಅದಕ್ಕೆ ಬೇರೆ ಬಾಟಲಿ ಉಂಟಾ?"