ನೀಲಿ ಬಾಗಿಲಿನ ಮಾವ

ನಮ್ಮ ಸೋದರಮಾವನ ಅಪ್ಪಣೆಯಿಲ್ಲದೆ ಈ ನಾಲ್ಕು ತಾಲ್ಲೂಕುಗಳಲ್ಲಿ ಯಾರೂ ನೆಮ್ಮದಿಯಾಗಿ ಸಾಯುವಂತಿಲ್ಲ! ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲೇ ಆಗಲಿ, ನಮ್ಮ ನೆಂಟರಿಷ್ಟರಲ್ಲಿ ಒಂದು ಜೀವ ಹೋಯಿತೆಂದರೆ ಮೊದಲ ಫೋನು ಅಯ್ಯನವರಿಗೆ, ಎರಡನೆಯದು ಮಾವನಿಗೆ. ಮಾವ ಪೂಜೆ ಮಾಡಿಸುವವನಲ್ಲ, ಡಾಕ್ಟರಲ್ಲ, ಕುಣಿ ತೋಡುವವನೂ ಅಲ್ಲ. ಹಾಗಾದರೆ ಸಾವಿನ ಮನೆಯಲ್ಲಿ ಅವನಿಗೇನು ಕೆಲಸ? ಬಾಗಿಲಲ್ಲಿ ನಿಲ್ಲುವುದು!

ನಗಬೇಡಿ. ಇದು ಶುರುವಾಗಿದ್ದು ನ್ಯಾಮತಿಯಲ್ಲಿ ನಮ್ಮ ಅಜ್ಜಿಯ ತಂಗಿ ತೀರಿಕೊಂಡ ದಿನ. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಪಡಸಾಲೆ ನೋಡಿದರೆ ಎರಡು ಮಂಚದಷ್ಟು ಅಗಲ. ನೋಡಲು ಬಂದವರು ಒಬ್ಬರ ಮೇಲೊಬ್ಬರು ಬಿದ್ದು, ಆ ನೂಕಾಟಕ್ಕೆ ಅಜ್ಜಿ ಒಂದು ಮಗ್ಗುಲಿಗೆ ವಾಲಿತು. ಹೆಂಗಸರು ಅಳುವುದನ್ನು ಬಿಟ್ಟು ಕಿರುಚಿದರು. ಅಂಗಳದ ಮೂಲೆಯಲ್ಲಿದ್ದ ಮಾವ ಎದ್ದ, ಕರಿ ಕೋಟಿನ ಗುಂಡಿ ಹಾಕಿಕೊಂಡ, ಹೊಸ್ತಿಲಲ್ಲಿ ನಿಂತು ಕೈ ಅಡ್ಡ ಇಟ್ಟ.

"ಒಳಗೆ ಫುಲ್ ಐತೆ. ಇಬ್ರು ಹೊರಗೆ ಬಂದ್ರೆ ಇಬ್ರು ಒಳಗೆ. ತಳ್ಳಬ್ಯಾಡ್ರಿ."

"ನಾನು ಸತ್ತೋರ ಖಾಸಾ ತಮ್ಮ ಕಣಯ್ಯಾ!"

"ಎಲ್ರೂ ಹಂಗೇ ಅಂತಾರೆ. ಲೈನಿನಾಗೆ ನಿಂತ್ಕಳ್ರಿ."

ನಂಬಿದರೆ ನಂಬಿ, ಅರ್ಧ ಗಂಟೆಯಲ್ಲಿ ಬೀದಿಯುದ್ದಕ್ಕೂ ಸಾಲು ನಿಂತಿತ್ತು! ಅಳುವವರು ಒಳಗೆ ಹೋಗಿ, ಅತ್ತು, ಹಿಂಬಾಗಿಲಿನಿಂದ ಹೊರಗೆ ಬರುತ್ತಿದ್ದರು. ಮಣ್ಣು ಮುಗಿದ ಮೇಲೆ ಆ ಖಾಸಾ ತಮ್ಮನೇ ಬಂದು ಮಾವನ ಕೈ ಹಿಡಿದು, "ನಮ್ಮಣ್ಣಂಗೂ ಹುಷಾರಿಲ್ಲ ಕಣ್ರೀ. ಹೇಳಿ ಕಳಿಸಿದಾಗ ದಯವಿಟ್ಟು ಬರ್ಬೇಕು" ಅಂದರು. ಪಕ್ಕದಲ್ಲೇ ನಿಂತಿದ್ದ ಅಣ್ಣನ ಮುಖ ನೋಡಬೇಕಿತ್ತು!

ಮಾವನಿಗೆ ಈ ವಿದ್ಯೆ ಎಲ್ಲಿಂದ ಬಂತು? ಬೆಂಗಳೂರಿನಿಂದ. ಮೂವತ್ತು ವರ್ಷ ಅವನು ಅಲ್ಲಿನ ನೈಟ್ ಕ್ಲಬ್ಬುಗಳ ಬಾಗಿಲು ಕಾದವನು. ಒಂದು ಮುಚ್ಚಿದರೆ ಇನ್ನೊಂದಕ್ಕೆ ಹೋಗುತ್ತ, ಕೊನೆಗೆ ಎಲ್ಲವೂ ಮುಚ್ಚಿದ ಮೇಲೆ ಚನ್ನಗಿರಿಗೆ ಬಂದ. ಬರುವಾಗ ತಂದದ್ದು ಎರಡೇ ಆಸ್ತಿ. ಒಂದು ಆ ಕರಿ ಕೋಟು. ಇನ್ನೊಂದು ಅರ್ಧ ಚಂದ್ರನ ಚಿತ್ರವಿದ್ದ ರಬ್ಬರ್ ಸ್ಟಾಂಪು, ನೇರಳೆ ಶಾಯಿಯ ಪ್ಯಾಡಿನ ಸಮೇತ. ಕ್ಲಬ್ಬಿನ ಒಳಗೆ ಬಿಟ್ಟವರ ಮುಂಗೈಗೆ ಒತ್ತುವ ಸ್ಟಾಂಪು ಅದು. ಒಮ್ಮೆ ಚಂದ್ರ ಬಿದ್ದರೆ ಮುಗಿಯಿತು, ನೀವು ಹೊರಗೆ ಹೋಗಿ ಎಷ್ಟು ಸಲ ಬೇಕಾದರೂ ಒಳಗೆ ಬರಬಹುದು, ಯಾರೂ ಕೇಳುವ ಹಾಗಿಲ್ಲ.

ಮಾವನ ಹೆಂಡತಿ, ನಮ್ಮ ಅತ್ತೆಯ ತವರು ಬಿಳಿಚೋಡು. ಅಲ್ಲಿ ಅವಳ ಚಿಕ್ಕಪ್ಪ ತೀರಿಕೊಂಡಾಗ ಮಾವ ಅದನ್ನೂ ಜೇಬಿನಿಂದ ತೆಗೆದ. ಎಲೆಅಡಿಕೆ ಉಗಿಯಲು, ಬೀಡಿ ಸೇದಲು ಎದ್ದು ಹೋಗುವವರಿಗೆಲ್ಲ ಮುಂಗೈಗೆ ಒಂದೊಂದು ಚಂದ್ರ! ಮಣ್ಣು ಕೊಟ್ಟು ಬಂದು ತಲೆಗೆ ನೀರು ಹಾಕಿಕೊಂಡರೂ ಆ ಶಾಯಿ ಹೋಗಲಿಲ್ಲ. ಮಾರನೆಯ ದಿನ ಊರಿಗೆ ಊರೇ ಮುಂಗೈ ನೋಡಿಕೊಂಡು ಓಡಾಡಿತು. "ಮಣ್ಣಿಗೆ ಹೋಗಿದ್ದೆ" ಎಂದು ಹೆಂಡತಿಗೆ ಹೇಳಿ ಇಡೀ ದಿನ ಇಸ್ಪೀಟಾಡಿದ್ದ ಒಬ್ಬ ಮಹಾಶಯ ಸಿಕ್ಕಿಬಿದ್ದದ್ದು ಹಾಗೆಯೇ. ಆ ಹೆಂಗಸು ಗಂಡನ ಎರಡೂ ಕೈ ತಿರುಗಿಸಿ ನೋಡಿ ಕೇಳಿದ್ದು ಒಂದೇ ಮಾತು: "ಚಂದ್ರ ಎಲ್ಲಿ?"

ಎಲ್ಲ ಸಲವೂ ಹೀಗೆ ಮರ್ಯಾದೆ ಸಿಗುತ್ತಿತ್ತು ಅಂದುಕೊಳ್ಳಬೇಡಿ. ಹೊನ್ನಾಳಿಯಲ್ಲಿ ನನ್ನ ತಂಗಿಯ ಮದುವೆಯ ದಿನ, ಬೇಡವೆಂದರೂ ಕೇಳದೆ, ಕಲ್ಯಾಣ ಮಂಟಪದ ಬಾಗಿಲಲ್ಲಿ ನಿಂತುಬಿಟ್ಟ. ಕ್ಲಬ್ಬಿನ ಕಾನೂನು ಪ್ರಕಾರ ಜೋಡಿಯಿಲ್ಲದ ಗಂಡಸರಿಗೆ ಪ್ರವೇಶವಿಲ್ಲ. ಬಂದವರು ಹೆಗಲಿಗೆ ಚೀಲ ಹಾಕಿಕೊಂಡ ನಮ್ಮ ಅಯ್ಯನವರು, ಮದುವೆ ಮಾಡಿಸಬೇಕಾದವರು.

"ಒಬ್ರೇ ಬಂದೀರಾ? ಜೋಡಿ ಎಲ್ಲಿ?"

"ಮನೇಲಿ ಅವರೆ. ಮುಹೂರ್ತಕ್ಕೆ ಹೊತ್ತಾಗ್ತದೆ, ಬಿಡ್ರಿ."

"ಕರ್ಕಂಡು ಬರ್ರಿ. ನಾನು ಇಲ್ಲೇ ಇರ್ತೀನಿ."

ಅಯ್ಯನವರಿಗೂ ಸಿಟ್ಟು ಬಂತು, ತಿರುಗಿ ನೋಡದೆ ಬಸ್ ಸ್ಟ್ಯಾಂಡಿಗೆ ನಡೆದರು. ನಾನು ಬೈಕ್ ಹತ್ತಿ ಹೋಗಿ ಬಸ್ಸಿನಿಂದ ಅವರನ್ನು ಇಳಿಸಿ ಕರೆತರುವಷ್ಟರಲ್ಲಿ ಮುಹೂರ್ತ ಮೀರಿತ್ತು. ತಂಗಿ ಇವತ್ತಿಗೂ ಗಂಡನ ಜೊತೆ ಜಗಳವಾದಾಗಲೆಲ್ಲ ಮಾವನಿಗೆ ಫೋನು ಮಾಡಿ ಬೈಯುತ್ತಾಳೆ.

ಇಷ್ಟು ಸಾವು ನೋಡಿದ ಮಾವ ಯಾವ ಹೆಣದ ಮುಂದೆಯೂ ಒಂದು ಹನಿ ಕಣ್ಣೀರು ಹಾಕಿದವನಲ್ಲ. ಅವನು ಅಳುತ್ತಿದ್ದುದು ಮುಚ್ಚಿಹೋದ ಕ್ಲಬ್ಬುಗಳಿಗೆ! ಸತ್ತ ಅಣ್ಣತಮ್ಮಂದಿರನ್ನು ನೆನೆಯುವ ಹಾಗೆ ಒಂದೊಂದನ್ನೇ ನೆನೆಯುತ್ತಿದ್ದ. ಹೆಸರು ಹೇಳುತ್ತಿರಲಿಲ್ಲ, ಅವನಿಗೆ ಬಾಗಿಲೇ ಗುರುತು. ಮೆಟ್ಟಿಲಿಳಿದು ಹೋಗುವ ಕಬ್ಬಿಣದ ಬಾಗಿಲಿನದು. ಕನ್ನಡಿ ಹಾಕಿದ ಬಾಗಿಲಿನದು. ಎಲ್ಲಕ್ಕಿಂತ ಹೆಚ್ಚಾಗಿ, ಹನ್ನೊಂದು ವರ್ಷ ನಿಂತ ಆ ನೀಲಿ ಬಾಗಿಲಿನದು.

"ಒಳಗೆ ಹೆಂಗಿತ್ತು ಮಾವ?" ಎಂದು ಒಮ್ಮೆ ಕೇಳಿದೆ.

"ನಂಗೇನು ಗೊತ್ತು? ನಾ ಬಾಗಿಲಾಗಿದ್ದೆ. ಡ್ರಮ್ಮು ಬಾರಿಸಿದ್ರೆ ಬಾಗಿಲು ನಡುಗೋದು. ಬೆನ್ನಿಗೆ ಗೊತ್ತಾಗೋದು, ಅಷ್ಟೇ."

ಮೂವತ್ತು ವರ್ಷ ಒಳಗಿನ ಸಂಭ್ರಮವನ್ನು ಬೆನ್ನಿನಿಂದ ಕೇಳಿದ ಮನುಷ್ಯ! ಹೋದ ವರ್ಷ ಏನೋ ಕೆಲಸಕ್ಕೆ ಬೆಂಗಳೂರಿಗೆ ಹೊರಟಾಗ ಜೊತೆಗೆ ಕರೆದುಕೊಂಡು ಹೋದೆ. ಕಬ್ಬಿಣದ ಬಾಗಿಲಿದ್ದಲ್ಲಿ ಕಾರು ನಿಲ್ಲಿಸುತ್ತಿದ್ದರು. ಕನ್ನಡಿ ಬಾಗಿಲಿದ್ದಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದರು. ನೀಲಿ ಬಾಗಿಲಿದ್ದಲ್ಲಿ ಹಲ್ಲಿನ ಡಾಕ್ಟರ ಶಾಪು. ಬಾಗಿಲು ಗಾಜಿನದಾಗಿತ್ತು. ಮಾವ ಹೊರಗೆ ನಿಂತು ನೋಡಿಯೇ ನೋಡಿದ. ಎದುರಿಗಿದ್ದ ಹುಡುಗಿ, "ಪೇಷಂಟ್ ಆದ್ರೆ ಮಾತ್ರ ಒಳಗೆ ಬನ್ನಿ ಸರ್" ಅಂದಳು. ಮಾವ ಆ ಕಾನೂನಿಗೆ ತಲೆಬಾಗಿದ, ದವಡೆ ಹಿಡಿದುಕೊಂಡು "ಹಲ್ಲು ನೋವು" ಅಂದ. ಒಂದು ಗಂಟೆ ಆ ಕುರ್ಚಿಯಲ್ಲಿ ಮಲಗಿ ಸೂರು ನೋಡಿದ. ಹೊರಗೆ ಬರುವಾಗ ಬಾಯಲ್ಲಿ ಹತ್ತಿ, ಜೇಬಿನಲ್ಲಿ ಹಲ್ಲು.

"ಗಟ್ಟಿ ಹಲ್ಲು ಯಾಕೆ ಕೀಳಿಸ್ಕಂಡೆ ಮಾವ?"

"ಬ್ಯಾರೆ ಹೆಂಗೆ ಒಳಗೆ ಬಿಡ್ತಿದ್ರು?" ಅಂದ, ರಕ್ತ ಉಗುಳಿ.

ಊರಿಗೆ ಬಂದು ಇದನ್ನು ಅತ್ತೆಗೆ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ. ಮೊರದಲ್ಲಿದ್ದ ಅಕ್ಕಿ ಆರಿಸುತ್ತಲೇ, "ಅವರಾದ್ರೂ ಒಳಗೆ ಹೋಗಿ ಬಂದ್ರಲ್ಲ" ಅಂದಳು. ಆಮೇಲೆ ನಾನು ಎಂದೂ ಕೇಳಿರದ ಕಥೆ ಹೇಳಿದಳು.

ಮದುವೆಯಾಗಿ ಎರಡನೆಯ ವರ್ಷ ಅತ್ತೆ ಬಿಳಿಚೋಡಿನಿಂದ ಒಬ್ಬಳೇ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿದ್ದಳಂತೆ. ಗಂಡ ಅಷ್ಟು ಹೊಗಳುವ ಜಾಗವನ್ನು ಒಮ್ಮೆ ನೋಡಬೇಕು, ಅಷ್ಟೇ ಆಸೆ. ಮದುವೆಯ ಹಸಿರು ಸೀರೆ ಉಟ್ಟು, ಕೈಯಲ್ಲಿ ರೊಟ್ಟಿ ಬುತ್ತಿ ಹಿಡಿದು, ಸಂಜೆ ಆ ನೀಲಿ ಬಾಗಿಲ ಮುಂದೆ ನಿಂತಳು. ಮಾವ ಬಿಡಲಿಲ್ಲ! ಬಾಗಿಲಿನವನ ಹೆಂಡತಿ ಎಂದು ಸುಮ್ಮನೆ ಒಳಗೆ ಬಿಟ್ಟರೆ ನಾಳೆ ಆ ಬಾಗಿಲಿಗೆ ಏನು ಬೆಲೆ? "ಮುಂದಿನ ಸಲ" ಎಂದು ಹೇಳಿ ಎದುರಿನ ಫುಟ್‌ಪಾತಿನಲ್ಲಿ ಕೂರಿಸಿದ.

"ಬಾಗಿಲು ತೆಗೆದಾಗೆಲ್ಲ ಒಂಚೂರು ಹಾಡು ಹೊರಗೆ ಬೀಳೋದಪ್ಪ. ಅಷ್ಟರಾಗೆ ಮುಚ್ಚೋರು. ಎಷ್ಟು ಸಲ ತೆಗೆದ್ರೂ ಒಂದು ಪೂರ್ತಿ ಹಾಡು ಆಗ್ಲಿಲ್ಲ ನೋಡು" ಅಂದಳು ಅತ್ತೆ. ಮುಂದಿನ ಸಲ ಬರಲೇ ಇಲ್ಲ. ಮೊದಲು ಮಕ್ಕಳಾದರು, ಆಮೇಲೆ ಕ್ಲಬ್ಬೇ ಮುಚ್ಚಿತು.

ಅತ್ತೆಗೆ ಕಿಡ್ನಿಯ ಕಾಯಿಲೆ ಎಂದು ಗೊತ್ತಾದದ್ದು ಈ ಬೇಸಿಗೆಯಲ್ಲಿ. ಡಾಕ್ಟರು ಹೇಳಿದ್ದನ್ನು ಕೇಳಿ ಬಂದ ಮಾವ ಮೂರನೆಯ ದಿನ ಹಿತ್ತಲ ಕೋಣೆಯ ಮೂಟೆಗಳನ್ನೆಲ್ಲ ಹೊರಗೆ ಹಾಕಿದ. ಕಿಟಕಿಗೆ ಕಂಬಳಿ ಕಟ್ಟಿದ. ನೀಲಿ ಜೀರೋ ಬಲ್ಬು ಹಾಕಿದ. ಶಾಮಿಯಾನದ ಅಂಗಡಿಯಿಂದ ಒಂದಾಳೆತ್ತರದ ಸ್ಪೀಕರು ತಂದ. ಕೊನೆಗೆ ಬಾಗಿಲಿಗೆ ನೀಲಿ ಬಣ್ಣ ಬಳಿದ, ಅರ್ಧ ಬಣ್ಣ ಕೋಟಿಗೇ ಆಗಿತ್ತು. ಎಲ್ಲ ಮುಗಿಸಿ, ಸ್ಟಾಂಪು ಹಿಡಿದು ಬಾಗಿಲಲ್ಲಿ ನಿಂತು ಅತ್ತೆಯನ್ನು ಕರೆದ.

"ಬಾರೇ, ಇವತ್ತು ನಿಂಗೆ ಎಂಟ್ರಿ ಐತೆ."

ಅತ್ತೆ ಮಂಚದ ಮೇಲಿಂದಲೇ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇವತ್ತು ಮಂಡಿ ನೋವು ಕಣ್ರೀ. ಮುಂದಿನ ಸಲ ನೋಡಾಣ."

ಮಾರನೆಯ ದಿನ ಸುಸ್ತು. ಅದರ ಮಾರನೆಯ ದಿನ ಸೀರೆ ಚೆನ್ನಾಗಿಲ್ಲ. ದಿನವೂ ಮಾವ ಕೋಟು ಹಾಕಿಕೊಂಡು ನಿಲ್ಲುವುದು, ದಿನವೂ ಅತ್ತೆ ಮುಂದಿನ ಸಲ ಅನ್ನುವುದು! ಮಾವ ಅತ್ತ ಹೋದಾಗ ನಾನು ಮೆಲ್ಲಗೆ, "ಹೋಗಬಾರದಾ ಅತ್ತೆ, ಪಾಪ" ಅಂದೆ. ಅವಳ ಊದಿದ ಮುಖದಲ್ಲಿ ನಗು ಉಕ್ಕುತ್ತಿತ್ತು.

"ಇರ್ಲಿ ಬಿಡಪ್ಪ, ಇನ್ನೊಂಚೂರು ಕಾಯ್ಲಿ. ನಾನೆಲ್ಲಿಗೆ ಹೋಗ್ತೀನಿ?"

ಎಂಟನೆಯ ದಿನ ಉಸಿರು ಕಟ್ಟಿತು, ಶಿವಮೊಗ್ಗಕ್ಕೆ ಒಯ್ದೆವು. ಐಸಿಯು ಬಾಗಿಲಲ್ಲಿ ಮಾವನ ವಯಸ್ಸಿನವನೇ ಒಬ್ಬ ಕಾವಲುಗಾರ ನಿಂತಿದ್ದ. "ಈಗ ಬಿಡಂಗಿಲ್ಲ ಯಜಮಾನ್ರೇ. ನಾಕು ಗಂಟೆಗೆ ಒಬ್ರು ಮಾತ್ರ" ಅಂದ. ನಾನು ಜಗಳಕ್ಕೆ ಹೋದೆ. ಮಾವ ನನ್ನ ತೋಳು ಹಿಡಿದು ಹಿಂದಕ್ಕೆಳೆದ.

"ಅವನ ಕೆಲ್ಸ ಅವನು ಮಾಡಾಕತ್ತಾನೆ. ನಾನಿದ್ರೂ ಬಿಡ್ತಿರಲಿಲ್ಲ."

ಅಷ್ಟು ಹೇಳಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಅಭ್ಯಾಸ ನೋಡಿ. ಬಾಗಿಲು ತೆರೆದಾಗೆಲ್ಲ ಒಳಗಿನ ಮಿಷನ್ನುಗಳ ಸದ್ದು ಒಂಚೂರು ಹೊರಗೆ ಬೀಳುತ್ತಿತ್ತು, ಮತ್ತೆ ಮುಚ್ಚಿಕೊಳ್ಳುತ್ತಿತ್ತು. ನಾಲ್ಕು ಗಂಟೆಗೆ ಇನ್ನೂ ಹತ್ತು ನಿಮಿಷವಿರುವಾಗ ನರ್ಸು ಬಂದು, ಇನ್ನು ಎಲ್ಲರೂ ಒಳಗೆ ಬರಬಹುದು ಅಂದಳು. ಎಲ್ಲರನ್ನೂ ಒಟ್ಟಿಗೆ ಒಳಗೆ ಬಿಡುವುದು ಯಾವಾಗ ಎಂದು ಮಾವನಿಗೆ ಗೊತ್ತಿತ್ತು. ನನಗೂ ಗೊತ್ತಾಯಿತು.

ಮಾರನೆಯ ದಿನ ಚನ್ನಗಿರಿಯ ಮನೆಯ ಬಾಗಿಲಲ್ಲಿ ಯಾರೂ ಇರಲಿಲ್ಲ. ನಾಲ್ಕೂ ತಾಲ್ಲೂಕಿನಿಂದ ಬಂದವರು ಸಾಲು ಹಚ್ಚಿ ನಿಲ್ಲಲು ತಯಾರಾಗಿಯೇ ಬಂದಿದ್ದರು. ಸಾಲು ಮಾಡಿಸುವವನೇ ಇಲ್ಲದೆ ಏನು ಮಾಡಬೇಕೆಂದು ತಿಳಿಯದೆ ಅಂಗಳದಲ್ಲಿ ಗುಂಪುಗಟ್ಟಿದ್ದರು. ಮಾವ ಒಳಗೆ, ಅತ್ತೆಯ ಪಕ್ಕದಲ್ಲಿ ಕುಳಿತಿದ್ದ. ಅವನು ಹೊಸ್ತಿಲ ಒಳಗಡೆ ಕುಳಿತ ಸಾವಿನ ಮನೆ ಅದೊಂದೇ. ಅತ್ತೆಗೆ ನಮ್ಮವ್ವ ಅದೇ ಹಸಿರು ಸೀರೆ ಉಡಿಸಿ, ಹಣೆ ತುಂಬ ವಿಭೂತಿ ಹಚ್ಚಿದ್ದಳು.

ಇನ್ನೇನು ಎತ್ತಬೇಕು, ಆಗ ಮಾವ ಕೋಟಿನ ಜೇಬಿಗೆ ಕೈ ಹಾಕಿದ. ಪ್ಯಾಡು ಒಣಗಿ ಸೀಳು ಬಿಟ್ಟಿತ್ತು. ಅಲ್ಲಿದ್ದ ತಂಬಿಗೆಯಿಂದ ನಾಲ್ಕು ಹನಿ ನೀರು ಹಾಕಿ ತಿಕ್ಕಿದ. ಅತ್ತೆಯ ಹಸಿರು ಬಳೆಗಳನ್ನು ಮೇಲಕ್ಕೆ ಸರಿಸಿ, ಮುಂಗೈಗೆ ಸ್ಟಾಂಪು ಒತ್ತಿದ. ಮಾಸಲು ಬಣ್ಣದ ಅರ್ಧ ಚಂದ್ರ ಮೂಡಿತು.

"ಇದ್ಯಾವ ಪದ್ಧತಿ?" ಎಂದು ಯಾರೋ ಹಿರಿಯರು ಗೊಣಗಿದರು. ಪೂಜೆಗೆ ಬಂದಿದ್ದವರು ಹೊನ್ನಾಳಿಯಲ್ಲಿ ಮಾವ ಬಾಗಿಲಿನಿಂದಲೇ ವಾಪಸು ಕಳಿಸಿದ್ದ ಅದೇ ಅಯ್ಯನವರು. "ಇರ್ಲಿ ಬಿಡ್ರಿ" ಅಂದರು ಮೆತ್ತಗೆ.

ಮಾವ ಅತ್ತೆಯ ಕಿವಿಯ ಹತ್ತಿರ ಬಗ್ಗಿದ. "ಹೋಗಿ ಬಾ. ಯಾವಾಗ ಬೇಕಾದ್ರೂ ಬಾ. ಯಾರೂ ತಡೆಯಾಕೆ ಬರಲ್ಲ."

ಆಮೇಲೆ ಸ್ಟಾಂಪನ್ನು ನನ್ನ ಕೈಗೆ ಕೊಟ್ಟು, ಕೋಟಿನ ತೋಳು ಮಡಿಸಿ ಮುಂಗೈ ಚಾಚಿದ. "ನಂಗೂ ಒಂದು ಹಾಕು ಅಳಿಯ. ಅಲ್ಲಿ ಬಾಗಿಲಾಗೆ ಆಕೇನೇ ನಿಂತಿರ್ತಾಳೆ. ಇದಿಲ್ಲದೆ ಹೋದ್ರೆ ಮುಂದಿನ ಸಲ ಅಂತಾಳೆ."

ಒತ್ತಿದೆ. ಪ್ಯಾಡಿನಲ್ಲಿ ಶಾಯಿ ಉಳಿದಿರಲಿಲ್ಲ, ಮುಂಗೈ ಒದ್ದೆಯಾಯಿತು ಅಷ್ಟೇ. ಮಾವನ ಕಣ್ಣು ತುಂಬಿ ಹರಿಯುತ್ತಿತ್ತು, ಅವನಿಗೆ ಏನೂ ಕಾಣುತ್ತಿರಲಿಲ್ಲ.

"ಬಿತ್ತಾ?" ಅಂದ.

"ಬಿತ್ತು ಮಾವ" ಅಂದೆ.

ಅಳಿಸಿ ಹೋಗದ ಹಾಗೆ ಅದನ್ನು ಕೋಟಿನ ತೋಳಿನಿಂದ ಮೆಲ್ಲಗೆ ಮುಚ್ಚಿಕೊಂಡ.