ಕರಿಮದ್ದಿನ ರಿವಾಲ್ವರಿಗೆ ಒಂದು ತುಂಡು ನಿಂಬೆ

ಗಂಡಸರು ಹೆಂಡತಿಯ ಅಡುಗೆಯನ್ನು ಹೊಗಳುವುದೇ ಅಪರೂಪ. ತವರನ್ನು ಹೊಗಳುವುದಂತೂ ಇಲ್ಲವೇ ಇಲ್ಲ. ಹಾಗಿರುವಾಗ ನಮ್ಮವರು ಒಂದು ಸಂಜೆ ಮನೆಗೆ ಬಂದು, "ಇವತ್ತು ಆಫೀಸಿನಲ್ಲಿ ನಿನ್ನ ಅಪ್ಪನನ್ನು ಬಾಯ್ತುಂಬ ಹೊಗಳಿ ಬಂದೆ ಮಾರಾಯ್ತಿ" ಎಂದಾಗ ನಾನು ಹೆದರಬೇಕಿತ್ತು. ಹೆದರಲಿಲ್ಲ. ಖುಷಿಗೆ ಎರಡು ದೋಸೆ ಜಾಸ್ತಿ ಹೊಯ್ದೆ. ಅವರು ಅದನ್ನೂ ತಿಂದು ಮುಗಿಸಿದ ಮೇಲೆಯೇ ವಿಷಯ ಹೊರಬಿತ್ತು.

ನಮ್ಮವರು ಜೆಬೆಲ್ ಅಲಿಯಲ್ಲಿ ಒಂದು ಗೋದಾಮಿನ ಉಸ್ತುವಾರಿ. ಅವರ ಅರ್ಬಾಬ್, ಅಂದರೆ ಕಂಪನಿಯ ಯಜಮಾನರು, ವಯಸ್ಸಾದ ಅರಬರು. ಹಳೆಯ ಆಯುಧ ಸಂಗ್ರಹಿಸುವ ಹುಚ್ಚು ಅವರಿಗೆ. ಅದಕ್ಕೆ ಬೇಕಾದ ಸರ್ಕಾರದ ಕಾಗದಪತ್ರವೂ ಉಂಟು. ನೈಫ್ ಪೇಟೆಯ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಕರಿಮದ್ದಿನ ರಿವಾಲ್ವರ್ ಒಂದನ್ನು ಕಂಡು ಮನಸೋತಿದ್ದರಂತೆ. ತೋಟೆ ಹಾಕುವ ಈಗಿನ ಜಾತಿಯದಲ್ಲ. ಎದುರಿನಿಂದ ಮದ್ದು ತುಂಬಿ, ಗುಂಡು ಒತ್ತಿ, ಹಿಂದುಗಡೆ ಕಿಡಿ ಹಾರಿಸುವ ಕೇಪು ಕೂರಿಸುವಂಥದು. ಅಂಗಡಿಯವನು ಹೇಳಿದ ಬೆಲೆ ಹನ್ನೆರಡು ಸಾವಿರ ದಿರ್ಹಮ್. ಕೊಡಬಹುದೋ ಬಾರದೋ ಎಂದು ಅರ್ಬಾಬರು ಗಡ್ಡ ನೀವುತ್ತಿದ್ದಾಗ ನಮ್ಮವರು, "ನನ್ನ ಮಾವ ಕೋವಿ ರಿಪೇರಿ ಆಚಾರಿ. ನನ್ನ ಹೆಂಡತಿ ಕೋವಿಗಳ ನಡುವೆಯೇ ಬೆಳೆದವಳು, ಮುಟ್ಟಿ ನೋಡಿ ಬೆಲೆ ಹೇಳುತ್ತಾಳೆ" ಎಂದುಬಿಟ್ಟಿದ್ದರು.

"ನಾನಾ? ಮುಟ್ಟದೆ ಇಪ್ಪತ್ತು ವರ್ಷ ಆಯ್ತಲ್ಲ!" ಎಂದೆ.

"ಈಗ ಹಿಂದೆ ಸರಿದರೆ ನನ್ನ ಮಾತಿಗೆ ಏನು ಬೆಲೆ? ರುವೈಸಿನ ಹೊಸ ಗೋದಾಮಿಗೆ ಯಾರನ್ನು ಕಳಿಸುವುದು ಅಂತ ಲೆಕ್ಕ ಹಾಕ್ತಾ ಇದ್ದಾರೆ. ಅವರು ಖುಷಿಯಾದರೆ ನಾನು ಇಲ್ಲೇ. ಮುಖ ದಪ್ಪ ಮಾಡಿದರೆ ಯಲ್ಲಾ, ಹೊರಡು ರುವೈಸಿಗೆ."

ರುವೈಸ್ ಎಂದರೆ ಮರಳು ದಾರಿಯಲ್ಲಿ ಎರಡೂವರೆ ಗಂಟೆ. ಅಲ್ಲಿಗೆ ಹೋದ ಗಂಡಸರು ವಾರಕ್ಕೊಮ್ಮೆ ಮನೆ ನೋಡುತ್ತಾರೆ. ನಾನು ಕೂಡಲೇ ಟೊಂಕ ಕಟ್ಟಿದೆ. ಮಗಳು ಮಾತ್ರ, "ಅಮ್ಮಾ, ಪ್ಲೀಸ್, ಡೋಂಟ್ ಟೆಲ್ ಮೈ ಫ್ರೆಂಡ್ಸ್" ಎಂದು ಕೋಣೆಯ ಬಾಗಿಲು ಹಾಕಿಕೊಂಡಳು.

ನಮ್ಮವರು ಹೇಳಿದ್ದು ಪೂರ್ತಿ ಸುಳ್ಳೇನೂ ಅಲ್ಲ. ಸುಳ್ಯದ ಹತ್ತಿರ ನಮ್ಮಪ್ಪನ ಚಾವಡಿಯಲ್ಲಿ ಹತ್ತಿಪ್ಪತ್ತು ಕೇಪಿನ ಕೋವಿಗಳು ಯಾವಾಗಲೂ ಗೋಡೆಗೆ ಒರಗಿ ನಿಂತಿರುತ್ತಿದ್ದವು, ಮದುವೆಗೆ ಬಂದು ಊಟಕ್ಕೆ ಕಾಯುವವರ ಹಾಗೆ. ಚುನಾವಣೆ ಬಂತೆಂದರೆ ಅಪ್ಪನಿಗೆ ಪುರುಸೊತ್ತಿಲ್ಲ. ಲೈಸೆನ್ಸಿನ ಕೋವಿಗಳನ್ನೆಲ್ಲ ಠಾಣೆಯಲ್ಲಿ ಇಡಬೇಕು. ಫಲಿತಾಂಶ ಬಂದು ವಾಪಸು ಕೊಡುವಾಗ ಗೆದ್ದವರು ಯಾರೇ ಆಗಿರಲಿ, ಕೋವಿಗಳಿಗೆ ಮಾತ್ರ ತುಕ್ಕು. ಬಿಸಿನೀರು ಹೊಯ್ದು ನಳಿಗೆ ತೊಳೆಯುವುದು, ಕೊಬ್ಬರಿ ಎಣ್ಣೆ ಹಚ್ಚುವುದು ನನ್ನ ಕೆಲಸ. ಆಯುಧಪೂಜೆಯ ದಿನ ಅಷ್ಟಕ್ಕೂ ಗಂಧ, ಕುಂಕುಮ. ಸ್ಕ್ರೂವಿನ ಸಂದಿಗೆ ಹೊಕ್ಕ ಕುಂಕುಮ ಮತ್ತೆ ತೆಗೆಯಲು ಹೋದರೆ ಬರುವುದೇ ಇಲ್ಲ.

ಶುಕ್ರವಾರದ ನಮಾಜು ಮುಗಿದ ಮೇಲೆ ಅರ್ಬಾಬರು, ನಮ್ಮವರು, ನಾನು ಮೂವರೂ ನೈಫಿಗೆ ಹೋದೆವು. ಮನೆಯಲ್ಲಿ ದೇವಿಗೆ ತುಪ್ಪದ ದೀಪ ಹಚ್ಚಿಯೇ ಹೊರಟಿದ್ದೆ. ಅಂಗಡಿಯವರ ಹೆಸರು ಹಸನಾಕ, ನಮ್ಮೂರಿನ ಕಡೆಯ ಬ್ಯಾರಿಗಳೇ ಎಂದು ತಿಳಿದು ಅರ್ಧ ಧೈರ್ಯ ಬಂತು.

"ಅಕ್ಕ ಕೋವಿ ನೋಡ್ಲಿಕ್ಕೆ ಬಂದದ್ದಾ? ನಾನು ಬಳೆ ಅಂತ ಎಣಿಸಿದೆ" ಎಂದು ನಕ್ಕರು. "ನೋಡಿ. ತುರ್ಕಿ ಹಡಗಿನ ಕಪ್ತಾನನ ಮಾಲು."

"ಕಪ್ತಾನ ಬಂದು ಹೇಳಿದ್ದಾ ಹಸನಾಕ?"

"ನನಗೆ ಕೊಟ್ಟವ ಹೇಳಿದ್ದು. ನಾನು ದೊಡ್ಡ ಸ್ವರದಲ್ಲಿ ಹೇಳ್ತೇನೆ, ಅಷ್ಟೇ."

ಮೊದಲು ಗಾಲಿಯಲ್ಲಿ ಮದ್ದು ತುಂಬುವ ಆರೂ ಮನೆ ಖಾಲಿ ಇದೆಯೆಂದು ನೋಡಿಕೊಂಡೆ. ಅಪ್ಪ ಕಲಿಸಿದ ಮೊದಲ ಪಾಠ ಅದು. ಕೇಪಿಗೆ ಬಡಿಯುವ ಕುದುರೆಯನ್ನು ಮೆಲ್ಲನೆ ಹಿಂದಕ್ಕೆ ಎಳೆದೆ. ಅರ್ಧದಲ್ಲಿ ಒಮ್ಮೆ, ಪೂರ್ತಿಯಲ್ಲಿ ಒಮ್ಮೆ ಸರಿಯಾಗಿ ಕಚ್ಚಿ ನಿಂತಿತು. ಗಾಲಿ ಮಾತ್ರ ನಿಂತ ಜಾಗದಲ್ಲೇ ಅಲುಗಾಡುತ್ತಿತ್ತು, ಬೀಳಲಿರುವ ಹಾಲುಹಲ್ಲಿನ ಹಾಗೆ. ಬಿಳಿ ಕಾಗದ ಹಿಡಿದು ನಳಿಗೆಯೊಳಗೆ ಇಣುಕಿದರೆ ಸಿಡುಬಿನ ಕಲೆಯಂತೆ ಗುಳಿಗಳು. ಕೇಪು ಕೂರುವ ಮೊಳೆಗಳಲ್ಲಿ ಎರಡು ಹೊಸವು. ಚೌಕಟ್ಟಿನ ಮೇಲೊಂದು ನಂಬರು, ಗಾಲಿಯ ಮೇಲೆ ಇನ್ನೊಂದು, ಅಂದರೆ ಗಾಲಿ ಬೇರೆ ರಿವಾಲ್ವರಿನದು. ನಾನು ಒಂದೊಂದನ್ನೂ ಹೇಳಿದೆ, ನಮ್ಮವರು ಅರಬ್ಬಿಗೆ ಹಾಕಿದರು, ಅರ್ಬಾಬರು ಜಪಮಣಿ ಎಣಿಸುತ್ತ ತಲೆಯಾಡಿಸಿದರು.

ಹಸನಾಕ ಸೋಲಲಿಲ್ಲ. "ಕಪ್ತಾನನ ಕೈಯಲ್ಲಿ ಇದ್ದದ್ದಕ್ಕೆ ಬೆಲೆ ಅಕ್ಕ, ಕಬ್ಬಿಣಕ್ಕಲ್ಲ. ನೋಡಿ, ಸ್ಕ್ರೂವಿನಲ್ಲಿ ಕಡಲಿನ ತುಕ್ಕು ಕೂಡ ಉಂಟು."

ಕನ್ನಡಕ ಸರಿಪಡಿಸಿ ನೋಡಿದೆ. ಸ್ಕ್ರೂವಿನ ಗೀರಿನಲ್ಲಿ ಹಳೇ ಎಣ್ಣೆಯ ಜೊತೆ ಗಟ್ಟಿಯಾದ ಕೆಂಪು. ತುಕ್ಕು ಅಷ್ಟು ಲಕ್ಷಣವಾಗಿ ಕೆಂಪಗಿರುವುದಿಲ್ಲ. ಆದರೆ ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಎದುರಿಗೆ ನಮಗೆಂದು ತರಿಸಿದ ಹಾಲಿಲ್ಲದ ಸುಲೈಮಾನಿ ಚಹಾ, ತಟ್ಟೆಯ ಅಂಚಿಗೆ ಒಂದು ತುಂಡು ನಿಂಬೆ. ಸೇಫ್ಟಿ ಪಿನ್ನಿನ ತುದಿಯಿಂದ ಆ ಕೆಂಪನ್ನು ಕೆದಕಿ ಟಿಶ್ಯೂ ಕಾಗದಕ್ಕೆ ಉಜ್ಜಿದೆ. ಮೇಲೆ ನಿಂಬೆ ಹಿಂಡಿದೆ. ಎಲ್ಲರ ಕಣ್ಣೆದುರೇ ಕೆಂಪು ಹಳದಿಯಾಯಿತು.

"ಅರಿಶಿನದಿಂದ ಮಾಡಿದ ಕುಂಕುಮ," ಎಂದೆ. "ಹುಳಿ ತಾಗಿದರೆ ವಾಪಸು ಅರಿಶಿನವಾಗ್ತದೆ. ತುಕ್ಕಿಗೆ ಆ ಬುದ್ಧಿ ಇಲ್ಲ. ಹಸನಾಕ, ನಿಮ್ಮ ಕಪ್ತಾನ ಆಯುಧಪೂಜೆ ಮಾಡ್ತಿದ್ದನಾ?"

ಹಸನಾಕ ಹೊಟ್ಟೆ ಹಿಡಿದು ನಕ್ಕರು. "ಖಲಾಸ್! ಹಡಗು ಮುಳುಗಿತು. ನೀವೇ ಒಂದು ರೇಟು ಹೇಳಿ ಅಕ್ಕ."

ನಮ್ಮ ದೇಶದ ಯಾವುದೋ ಮನೆಯಲ್ಲಿ ವರ್ಷಕ್ಕೊಮ್ಮೆಯಾದರೂ ಎಣ್ಣೆ ಕಂಡ ವಸ್ತು. ಅದಕ್ಕೇ ಕುದುರೆ ಇನ್ನೂ ಗಟ್ಟಿ. ಗಾಲಿಗೂ ನಳಿಗೆಗೂ ಕಳೆದು, ಪೂಜೆಗೆ ಸ್ವಲ್ಪ ಕೂಡಿಸಿ, ಐದು ಸಾವಿರ ಎಂದೆ. ಐದೂವರೆಗೆ ನಿಂತಿತು. ರಿವಾಲ್ವರನ್ನು ಮರಳಿ ಕೊಡುವಾಗ ಗೊತ್ತಿಲ್ಲದೆ ಕಣ್ಣಿಗೆ ಒತ್ತಿಕೊಂಡುಬಿಟ್ಟೆ. ಯಾರದೋ ಅಜ್ಜ ಇಟ್ಟ ಕುಂಕುಮವನ್ನು ಚೌಕಾಸಿಗಾಗಿ ಕೆದಕಿದ್ದಕ್ಕೆ ದೇವಿಯ ಹತ್ತಿರ ಕ್ಷಮೆಯನ್ನೂ ಕೇಳಿಕೊಂಡೆ. ಗಂಡ ಮನೆಯಲ್ಲೇ ಉಳಿಯುತ್ತಾನಲ್ಲ, ಅಷ್ಟು ಸಾಕು ತಾಯಿ ಎಂದೆ.

ಕ್ಷಮೆ ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ಅರ್ಬಾಬರಿಗಂತೂ ಬಹಳ ಖುಷಿಯಾಯಿತು. ಎಷ್ಟು ಖುಷಿಯೆಂದರೆ, ಭಾನುವಾರ ಬೆಳಿಗ್ಗೆಯೇ ನಮ್ಮವರನ್ನು ಕರೆದು, "ಹೊಸ ಜಾಗಕ್ಕೆ ಮೋಸ ಹೋಗದ ಮನುಷ್ಯ ಬೇಕು. ನಿನ್ನ ಮನೆಯಲ್ಲಿ ಸ್ಕ್ರೂವಿನ ಸಂದಿಯನ್ನೂ ಬಿಡುವುದಿಲ್ಲ. ರುವೈಸಿಗೆ ನೀನೇ ಸರಿ" ಎಂದರಂತೆ.

"ನೀನು ಅದನ್ನು ತುಕ್ಕು ಅಂತ ಬಿಟ್ಟಿದ್ದರೆ ಆಗ್ತಿತ್ತಲ್ಲ ಮಾರಾಯ್ತಿ," ಎನ್ನುತ್ತ ನಮ್ಮವರು ಪೆಟ್ಟಿಗೆ ಕಟ್ಟಿದರು. ನಾನು ಚಟ್ನಿಪುಡಿ ಕಟ್ಟಿಕೊಟ್ಟೆ.

ಸಂಬಳ ಸ್ವಲ್ಪ ಏರಿತು, ದೋಸೆ ಹಿಟ್ಟು ಎರಡು ದಿನ ಹೆಚ್ಚು ಬರುತ್ತದೆ, ಟಿವಿಯ ರಿಮೋಟು ವಾರದಲ್ಲಿ ಐದು ದಿನ ನನ್ನದು. ದೇವರು ಕೊಟ್ಟದ್ದನ್ನು ಕೊಟ್ಟಿಲ್ಲ ಎನ್ನಬಾರದು. ಗುರುವಾರ ಸಂಜೆ ಅವರು ಮರಳು ಮೆತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಾಗ ನಾನು ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ನೋಡುತ್ತೇನೆ. ಮಂಡಿ ಕಟಕಟ ಎನ್ನುತ್ತದೆ, ಬಣ್ಣ ಮಾಸಿದೆ, ಹೊಟ್ಟೆ ಒಂದಿಷ್ಟು ಒಳಗೆ ಹೋಗಿದೆ. ಮಂಡಿಗೆ ಹಚ್ಚಲು ಕೊಬ್ಬರಿ ಎಣ್ಣೆ ಬಿಸಿಗಿಡುತ್ತ, ಈ ಸಲ ಕಂಡದ್ದು ಒಂದನ್ನೂ ಬಾಯಿಬಿಟ್ಟು ಹೇಳುವುದಿಲ್ಲ.