ಕಂಪೌಂಡರ್ ಬಂದ ಮೇಲೆ ಹತ್ತಿದ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚಿಗೆ ದೊಡ್ಡ ಆಫೀಸೇ ಬೇಕೆಂದಿಲ್ಲ. ಎರಡು ಖೋಲಿ, ಮೂರು ಜನ ಇದ್ದರೆ ಸಾಕು, ವಾರಕ್ಕೊಂದು ಪ್ರಸಂಗ ನಡೆದೇ ನಡೆಯುತ್ತದೆ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯ ದನದ ದವಾಖಾನೆಯಲ್ಲಿ ಸ್ಟಾಕ್‌ಮನ್ ಆಗಿದ್ದೆ. ದನಗಳಿಗೆ ಸೂಜಿ ಹಾಕುವುದು, ಗಾಯ ತೊಳೆದು ಪಟ್ಟಿ ಕಟ್ಟುವುದು ನನ್ನ ಕೆಲಸ. ನನ್ನ ಮೇಲೆ ಡಾಕ್ಟರು. ಆರು ವರ್ಷ ನಾವಿಬ್ಬರೇ ಹಾಯಾಗಿದ್ದೆವು. ಆಮೇಲೆ ಕುಷ್ಟಗಿ ಕಡೆಯಿಂದ ಒಬ್ಬ ಕಂಪೌಂಡರ್ ವರ್ಗವಾಗಿ ಬಂದ. ಭಾಳ ಒಳ್ಳೆಯ ಮನುಷ್ಯ. ನನ್ನ ಕಷ್ಟ ಶುರುವಾದದ್ದೇ ಅದರಿಂದ.

ಕಪಾಟಿನ ಕೀಲಿ

ಅವನು ಬಂದ ಎಂಟೇ ದಿನಕ್ಕೆ ಡಾಕ್ಟರು ಔಷಧದ ಕಪಾಟಿನ ಕೀಲಿಯನ್ನು ಅವನ ಕೈಗೆ ಕೊಟ್ಟರು. ಆರು ವರ್ಷದಲ್ಲಿ ಅದು ಒಂದು ದಿನವೂ ನನ್ನ ಹತ್ತಿರ ಇದ್ದದ್ದಿಲ್ಲ. ಎರಡು ದಿನ ಮುಖ ಊದಿಸಿಕೊಂಡು ತಿರುಗಿದೆ. ಮೂರನೇ ದಿನ ತಡೆಯಲಾಗದೆ ಕೇಳಿಬಿಟ್ಟೆ.

“ಸಾಹೇಬ್ರ, ನನ್ನ ಮ್ಯಾಲೆ ನಂಬಿಕಿ ಇಲ್ಲೇನ್ರಿ?”

“ನಿನ್ನ ಮ್ಯಾಲೆ ಪೂರಾ ಐತಿ ತಮ್ಮಾ,” ಅಂದರು ಡಾಕ್ಟರು. “ನಿನ್ನ ಅಂಗಿ ಕಿಸೆದ ಮ್ಯಾಲೆ ಇಲ್ಲ. ದವಾಖಾನಿ ಥರ್ಮಾಮೀಟರ್ ಎರಡು ಸಲ ಅರಿವಿ ಒಗಿಯಾಕಿ ತಂದು ಕೊಟ್ಟಾಳ.”

ಎತ್ತಿನ ಓದು

ಆರು ತಿಂಗಳಾಗುವಷ್ಟರಲ್ಲಿ ರೈತರೂ ಅವನ ಕಡೆಗೇ ಹೋದರು. ಎತ್ತಿನ ಕಿವಿಯ ಹತ್ತಿರ ಬಾಯಿಟ್ಟು ಅದೇನೋ ಮಾತಾಡುತ್ತ ಅವನು ಸೂಜಿ ಹಾಕಿದರೆ ಎತ್ತು ಮಿಸುಕುತ್ತಿರಲಿಲ್ಲ. ನಾನು ಸೂಜಿ ಹಿಡಿದದ್ದು ಕಂಡರೆ ಸಾಕು, ಹಗ್ಗ ಕಿತ್ತುಕೊಂಡು ಓಡುತ್ತಿತ್ತು.

ಒಂದು ಮುಂಜಾನೆ ಕುಕನೂರು ಕಡೆಯ ಮುದುಕನೊಬ್ಬ ಎತ್ತು ಹೊಡೆದುಕೊಂಡು ಬಂದ. ಕಂಪೌಂಡರ್ ಇನ್ನೂ ಬಂದಿರಲಿಲ್ಲ. “ತರ್ರಿ ಇಲ್ಲಿ, ನಾ ನೋಡ್ತೇನಿ,” ಅಂದೆ.

“ಇರ್ಲಿ ಬಿಡ್ರಿ, ಅವರು ಬರ್ಲಿ. ಕುಂದರ್ತೇನಿ,” ಅಂದ ಮುದುಕ.

ನನಗೆ ರೇಗಿತು. “ಅವನ ಸರ್ವೀಸು ನಂದಕ್ಕಿಂತ ಭಾಳ ಕಡಿಮಿ ಐತಿ, ಗೊತ್ತೇನ್ರಿ?”

“ನನಗ ಗೊತ್ತಾತ್ರಿ,” ಅಂದ ಮುದುಕ, ಬೀಡಿ ಹಚ್ಚುತ್ತ. “ಆದರ ಎತ್ತಿಗೆ ಓದಾಕ ಬರಂಗಿಲ್ಲ. ಸರ್ವೀಸ್ ಬುಕ್ ತೋರಿಸಿದ್ರೂ ಒದಿತೈತಿ.”

ಡಬ್ಬಿಯ ಪ್ರಸಂಗ

ಮಧ್ಯಾಹ್ನ ಮೂವರೂ ಒಟ್ಟಿಗೆ ಉಣ್ಣುತ್ತಿದ್ದೆವು. ಡಾಕ್ಟರ ಕೈ ಯಾವಾಗಲೂ ಕಂಪೌಂಡರ್ ಡಬ್ಬಿಗೇ ಹೋಗುತ್ತಿತ್ತು. ಅದೊಂದು ದಿನ ಅವನ ಎಣ್ಣೆಗಾಯಿ ತಿಂದು ಡಾಕ್ಟರು ಕಣ್ಣು ಮುಚ್ಚಿ ತಲೆದೂಗಿದರು. ನನಗೂ ಒಂದು ಕೊಟ್ಟರು. ನಾನು ಕಚ್ಚಿ, ಮುಖ ಕಿವಿಚಿ, “ಉಪ್ಪು ಜಾಸ್ತಿ ಆಗೇತಿ. ಇದನ್ನ ಮಾಡಿದಾಕಿಗೆ ಒಲಿ ಮುಂದ ಕುಂದ್ರೂದ ಗೊತ್ತಿಲ್ಲ,” ಅಂದುಬಿಟ್ಟೆ. ಕಂಪೌಂಡರ್ ನೀರು ಕುಡಿದ.

ಸಂಜೆ ಮನೆಗೆ ಹೋದರೆ ಹೆಂಡತಿ ಬಾಗಿಲಲ್ಲೇ ನಿಂತು ಕೇಳಿದಳು: “ಎಣ್ಣೆಗಾಯಿ ಹೆಂಗಿತ್ತಂತ, ಯಾರರ ಏನರ ಅಂದ್ರೇನು? ಕಂಪೌಂಡರ್ ಮನ್ಯಾಕಿಗೆ ಜ್ವರ ಬಂದಾವ. ಇವತ್ತ ಅವರ ಡಬ್ಬಿ ನಾನ ಕಟ್ಟಿದ್ದೆ.”

ಆ ರಾತ್ರಿ ಬಡಿಸಿದ್ದನ್ನು ನಾನು ಪೂರಾ ಉಂಡೆ. ಸಾರಿಗೆ ಉಪ್ಪೇ ಹಾಕಿರಲಿಲ್ಲ. ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು.

ಮೂಗರ್ಜಿ

ಕೊನೆಗೆ ನಾನು ಮಾಡಬಾರದ್ದನ್ನು ಮಾಡಿದೆ. ಎಡಗೈಯಲ್ಲಿ ಒಂದು ಅರ್ಜಿ ಬರೆದೆ. ‘ಕಂಪೌಂಡರ್ ಮಧ್ಯಾಹ್ನ ನಿದ್ದೆ ಮಾಡುತ್ತಾನೆ, ರೈತರನ್ನು ಬೈಯುತ್ತಾನೆ, ಅವನನ್ನು ಗಂಗಾವತಿ ಆಚೆ ಎಲ್ಲಿಗಾದರೂ ವರ್ಗ ಮಾಡಬೇಕು’ ಎಂದು. ಹೆಸರು ಹಾಕದೆ ಕೊಪ್ಪಳದಿಂದ ರಾಯಚೂರಿನ ಜಿಲ್ಲಾ ಆಫೀಸಿಗೆ ಅಂಚೆಯಲ್ಲಿ ಕಳಿಸಿದೆ.

ಹದಿನೈದು ದಿನಕ್ಕೆ ರಾಯಚೂರಿನಿಂದ ವಿಚಾರಣೆಗೆ ಸಾಹೇಬರು ಬಂದರು. ಕಂಪೌಂಡರ್ ಕೈಗೆ ಅರ್ಜಿ ಕೊಟ್ಟು, ಊಟ ಮುಗಿಸಿ ಬರುವಷ್ಟರಲ್ಲಿ ಲಿಖಿತ ಉತ್ತರ ಬೇಕೆಂದರು. ಅವನು ಓದಿ, ನೆಟ್ಟಗೆ ನನ್ನ ಹತ್ತಿರ ಬಂದ.

“ಅಣ್ಣಾರ, ನನಗ ಇಂಥಾದ್ದು ಬರಿಯಾಕ ಬರಂಗಿಲ್ಲ. ನೀವ ಬರದು ಕೊಡ್ರಿ. ಇಲ್ಲಿ ನಾ ನಂಬಿದ್ದು ನಿಮ್ಮನ್ನ.”

ನಾನು ಪೆನ್ನು ತೆಗೆದು ಕೂತೆ. ಬರೆಯುತ್ತ ಹೋದಂತೆ ಅವನು ಎಷ್ಟು ಒಳ್ಳೆಯವನೆಂದು ನನಗೇ ಗೊತ್ತಾಗತೊಡಗಿತು. ಎರಡು ಪುಟ ತುಂಬಿತು. ಅವನು ಕೆಳಗೆ ಸಹಿ ಮಾಡಿದ.

ಸಾಹೇಬರು ಬಂದು ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಿದರು. “ಅರ್ಜ್ಯಾಗ ‘ಪಸುವೈದ್ಯ ಆಸ್ಪತ್ರಿ’ ಅಂತ ಐತಿ. ಉತ್ತರದಾಗೂ ‘ಪಶು’ ಹೋಗಿ ಅದ ‘ಪಸುವೈದ್ಯ ಆಸ್ಪತ್ರಿ’. ಈ ಉತ್ತರ ಯಾರು ಬರದದ್ದು?”

ನಾನು ಎದ್ದು ನಿಂತೆ. “ಎರಡೂ ನಾನ ಬರದದ್ದುರಿ ಸಾಹೇಬ್ರ.”

“ಎರಡರಾಗ ಖರೇದು ಯಾವುದು?”

“ಎರಡನೇದುರಿ.”

ಸಾಹೇಬರು ನನ್ನನ್ನೇ ನೋಡಿದರು, ನಕ್ಕರು, ಅರ್ಜಿಯನ್ನು ಹರಿದು ಬುಟ್ಟಿಗೆ ಹಾಕಿ ಜೀಪು ಹತ್ತಿದರು.

ನಾನು ಕಂಪೌಂಡರ್ ಮುಂದೆ ತಲೆ ಬಗ್ಗಿಸಿ ನಿಂತೆ. “ತಪ್ಪಾತ್ರಿ,” ಅಂದೆ.

“ಅಣ್ಣಾರ, ನೀವ ಬರದದ್ದು ಅಂತ ಓದಿದ ಕೂಡ್ಲೇ ಗೊತ್ತಾಗಿತ್ತು,” ಅಂದ ಅವನು.

“ಮತ್ತ ಉತ್ತರ ಯಾಕ ನನ್ನ ಕೈಲೇ ಬರಸಿದ್ರಿ?”

“ಮತ್ತಿನ್ಯಾರ ಕೈಲೇ ಬರಸಬೇಕಿತ್ರಿ?” ಅಂದ, ಹೆಗಲ ಮೇಲೆ ಕೈ ಹಾಕಿ. “ಸುಳ್ಳು ಎಲ್ಲೆಲ್ಲಿ ಐತಿ ಅಂತ ನಿಮ್ಮಷ್ಟು ಛಲೋ ಯಾರಿಗೆ ಗೊತ್ತಿತ್ತು?”